ನಮ್ಮೂರಿನ ಗಾಳಿಯನ್ನು ಓದುವುದು ಹೇಗೆ?

ಕಳೆದ ಡಿಸೆಂಬರ್‌ನಲ್ಲಿ ಸುಮ್ನೆ ಕುತೂಹಲಕ್ಕೆ ಗಾಳಿ ಅಳೆಯುವ ಅಗ್ಗದ ಮೀಟರ್ ಒಂದನ್ನು ತರಿಸಿದೆ. ಬೆಳಿಗ್ಗೆ ಆರಕ್ಕೆ ಸುರತ್ಕಲ್‌ನ ಮನೆಯ ಜಗಲಿಯಲ್ಲಿಟ್ಟರೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಅಳತೆ, ನೂರು ದಾಟಿತ್ತು, ಹತ್ತು ಗಂಟೆಗೆ ನೋಡಿದರೆ ಮೂವತ್ತೈದು. ಎಂತ ಮಾರಾಯ್ರೆ ಇದು, ನಾಲ್ಕು ಗಂಟೆಯಲ್ಲಿ ದೆಹಲಿಯಿಂದ ಮಂಗಳೂರಿಗೆ ಬಂದೆನಾ ಅನಿಸಿತು.

ಮೀಟರ್ ಹಾಳಾಗಿರಲಿಲ್ಲ. ಅದು ಲೇಸರ್ ಬಿಟ್ಟು, ಕಣಗಳಿಗೆ ಬಡಿದು ಚದುರುವ ಬೆಳಕನ್ನು ನೋಡಿ ಲೆಕ್ಕ ಹಾಕುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಕಡಲ ಉಪ್ಪಿನ ಕಣ ಇದ್ದೇ ಇರುತ್ತದೆ. ಬೆಳಗಿನ ತೇವಕ್ಕೆ ಅದು ನೀರು ಕುಡಿದು ಉಬ್ಬಿದರೆ ಮೀಟರಿಗೆ ಧೂಳು ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುತ್ತದಲ್ಲ, ಅದೇ ಕತೆ. ಹಾಗಾಗಿ ತೇವಾಂಶ 80 ಪರ್ಸೆಂಟ್ ದಾಟಿದ ಹೊತ್ತಲ್ಲಿ ಅಗ್ಗದ ಮೀಟರಿನ ಮಾತನ್ನು ಅರ್ಧ ಮಾತ್ರ ನಂಬಿ.

ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೆರೆಯಿರಿ, ಮಂಗಳೂರಿಗೆ ಕದ್ರಿಯ ಕೇಂದ್ರ ಉಂಟು. ಅಲ್ಲಿ ದೊಡ್ಡದಾಗಿ ಕಾಣುವ ಎಕ್ಯುಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಅನ್ನುವುದು ಎಲ್ಲ ಮಾಲಿನ್ಯಗಳ ಸರಾಸರಿ ಅಲ್ಲ, ಯಾವುದು ಅತಿ ಕೆಟ್ಟದ್ದೋ ಅದರ ಅಂಕೆ. ಆದ್ದರಿಂದ ಅಂಕೆಯ ಜೊತೆಗೆ ಆರೋಪಿ ಯಾರು ಅಂತಲೂ ನೋಡಿ: ಪಿಎಂ ಕಣಗಳೋ, ಓಝೋನ್ ಅನ್ನುವ ಅನಿಲವೋ? ಪಿಎಂ ಅಂಕೆ 24 ಗಂಟೆಯ ಸರಾಸರಿ, ಈಗಷ್ಟೇ ಎದ್ದ ಹೊಗೆ ಅದರಲ್ಲಿ ಕಾಣುವುದಿಲ್ಲ. ಇನ್ನೊಂದು, ಪಿಎಂ 2.5 ಘನ ಮೀಟರಿಗೆ 45 ಮೈಕ್ರೋಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ ಎಕ್ಯುಐ ಸುಮಾರು 75, ಅಂದರೆ 'ತೃಪ್ತಿಕರ'. ಅಮೆರಿಕದ ಲೆಕ್ಕ ಬಳಸುವ ಆ್ಯಪ್‌ನಲ್ಲಿ ಅದೇ ಗಾಳಿ ನೂರು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯಂತೂ ದಿನದ ಸರಾಸರಿ 15 ಮೈಕ್ರೋಗ್ರಾಂ. ನಾನು ಈಗ ಮೈಕ್ರೋಗ್ರಾಂ ಮಾತ್ರ ನೋಡುತ್ತೇನೆ.

ಓಝೋನ್ ಕತೆ ಬೇರೆ. ಅದು ಯಾವ ಸೈಲೆನ್ಸರಿನಿಂದಲೂ ಬರುವುದಿಲ್ಲ, ಗಾಳಿಯಲ್ಲೇ ಬೇಯುತ್ತದೆ. ವಾಹನಗಳ ಹೊಗೆಯ ನೈಟ್ರೋಜನ್ ಡೈಆಕ್ಸೈಡನ್ನು ಬಿಸಿಲು ಒಡೆಯುತ್ತದೆ, ಬಿಡಿಯಾದ ಆಮ್ಲಜನಕದ ಒಂದು ಪರಮಾಣು ಪಕ್ಕದ ಆಮ್ಲಜನಕಕ್ಕೆ ಅಂಟಿ ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಅದನ್ನು ಮತ್ತೆ ತಿಂದು ಹಾಕುತ್ತದೆ, ಲೆಕ್ಕ ಚುಕ್ತಾ ಆಗಬೇಕಿತ್ತು. ಆದರೆ ಪೆಟ್ರೋಲ್, ಪೇಂಟ್ ಇವುಗಳ ಆವಿ, ಮರಗಳು ಬಿಡುವ ಕೆಲವು ಅನಿಲಗಳು ಕೂಡ, ನಡುವೆ ಬಂದು ಈ ತಿನ್ನುವ ಕೆಲಸ ತಪ್ಪಿಸುತ್ತವೆ, ಓಝೋನ್ ಉಳಿದುಬಿಡುತ್ತದೆ. ಅದಕ್ಕೇ ವಾಹನ ಸಾಲುಗಟ್ಟಿದ ಪಂಪ್‌ವೆಲ್‌ನಂಥ ಜಾಗಕ್ಕಿಂತ ಊರು ದಾಟಿದ ಮೇಲೆ, ಗಾಳಿ ಬೀಸುವ ದಿಕ್ಕಿನಲ್ಲಿ, ಓಝೋನ್ ಜಾಸ್ತಿ ಸಿಗಬಹುದು. ಬಿಸಿಲಿನ ಮಧ್ಯಾಹ್ನ ಓಡುವ ಅಭ್ಯಾಸ ಇದ್ದರೆ ಬೇರೆ ಹೊತ್ತು ಹುಡುಕಿ. ಎನ್95 ಮಾಸ್ಕ್ ಕಣ ತಡೆಯುತ್ತದೆ, ಓಝೋನ್ ತಡೆಯುವುದಿಲ್ಲ.

ಕಲ್ಲಿದ್ದಲು, ಹಡಗಿನ ಎಣ್ಣೆ ಸುಟ್ಟಾಗ ಬರುವ ಗಂಧಕದ ಅನಿಲವೂ ಹೀಗೇ, ಅನಿಲವಾಗಿ ಹೊರಟು ದಾರಿಯಲ್ಲಿ ಸಲ್ಫೇಟ್ ಕಣವಾಗುತ್ತದೆ. ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು 2020ರಲ್ಲಿ ಜಗತ್ತಿನಾದ್ಯಂತ ಶೇ 3.5ರಿಂದ 0.5ಕ್ಕೆ ಇಳಿಸಿದ್ದಾರೆ, ಬಂದರಿನ ಊರಿನ ನಮಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ತೆಂಗಿನ ಗರಿ ನೋಡಿ. ಬೇಸಿಗೆಯ ದಿನ ಬೆಳಿಗ್ಗೆ ಗರಿ ಪಡುವಣಕ್ಕೆ ಬಾಗಿದ್ದರೆ ನೆಲದ ಗಾಳಿ, ಊರಿನ ಹೊಗೆ ಕಡಲಿಗೆ ಹೊರಟಿದೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ಗರಿ ಮೂಡಣಕ್ಕೆ ತಿರುಗುತ್ತದೆ. ನಿಮ್ಮ ಮನೆಗೂ ಹೆದ್ದಾರಿಗೂ ನಡುವೆ ಗಾಳಿ ಯಾವ ಕಡೆಯಿಂದ ಅಂತ ಗೊತ್ತಾದರೆ ಕಿಟಕಿ ಯಾವಾಗ ತೆರೆಯಬೇಕು ಅನ್ನುವುದೂ ಗೊತ್ತಾಗುತ್ತದೆ.

ತರಗೆಲೆಗೆ ಮಣ್ಣು ಮುಚ್ಚಿ ಸುಟ್ಟು ಗೊಬ್ಬರ ಮಾಡುವ ಸುಡುಮಣ್ಣಿನ ಬಗ್ಗೆ ಹೇಳಿದರೆ ಹಿರಿಯರು ಬೈಯುತ್ತಾರೆ, ಆದರೂ ಹೇಳುತ್ತೇನೆ. ಮಣ್ಣು ಮುಚ್ಚಿದ ತರಗೆಲೆಗೆ ಗಾಳಿ ಸಾಲದೆ ಅದು ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಅರೆಬರೆ ಸುಟ್ಟದ್ದರಲ್ಲಿ ಕಾರ್ಬನ್ ಮಾನಾಕ್ಸೈಡೂ ಕಣವೂ ಜಾಸ್ತಿ. ಎಲೆಯನ್ನು ಗುಂಡಿಗೆ ಹಾಕಿ ಕೊಳೆಸಿದರೂ ಮಲ್ಲಿಗೆಗೆ ಗೊಬ್ಬರ ಆಗುತ್ತದೆ. ಸುಡಲೇಬೇಕೆಂದರೆ ಪ್ಲಾಸ್ಟಿಕ್ ತೊಟ್ಟೆಯನ್ನಾದರೂ ಅದರೊಳಗೆ ಹಾಕಬೇಡಿ.

ಅಂದ ಹಾಗೆ, ನನ್ನ ಮೀಟರ್ ಈವರೆಗೆ ತೋರಿಸಿದ ಅತಿ ದೊಡ್ಡ ಅಂಕೆ ರಸ್ತೆಯಲ್ಲಿ ಬಂದದ್ದಲ್ಲ. ನಮ್ಮದೇ ಅಡುಗೆಮನೆಯಲ್ಲಿ, ಕಾವಲಿಯ ಮೇಲೆ ಬಂಗುಡೆ ಹುರಿಯುವಾಗ. ಮೀನು ಹಾಕುವ ಮೊದಲೇ ಫ್ಯಾನ್ ಹಾಕಿ, ಹುರಿದು ಹತ್ತು ನಿಮಿಷ ಆದ ಮೇಲೆ ನಿಲ್ಲಿಸಿ.