ಚೆಂಡಿನ ಸದ್ದು ಯಾರಿಗೆ ಬೇಕು ಅಂದವರಿಗೆ: ಅಮೆರಿಕದ ಸಾಕರ್ ಟ್ರಕ್‌ನಲ್ಲಿ ನನ್ನ ಅನುಭವ

"ಜನರ ಗಲಾಟೆ ಇರಲಿ, ಕಾಮೆಂಟರಿ ಇರಲಿ, ಸಾಕು. ಚೆಂಡಿನ ಸದ್ದು ಯಾರಿಗೆ ಬೇಕು?" ಹತ್ತು ವರ್ಷದ ಹಿಂದೆ ಒಬ್ಬ ಪ್ರೊಡ್ಯೂಸರ್ ಇಂಟರ್‌ಕಾಮ್‌ನಲ್ಲಿ ಹೀಗಂದಾಗ, ಪಂದ್ಯದ ನೇರಪ್ರಸಾರ ನಡೆಸುವ ನಮ್ಮ ಟ್ರಕ್‌ನಲ್ಲಿದ್ದವರೆಲ್ಲ ನಕ್ಕಿದ್ದರು. ನಾನೂ ನಕ್ಕೆ. ದಿನಗೂಲಿ ಫ್ರೀಲಾನ್ಸರ್ ಇನ್ನೇನು ಮಾಡಿಯಾನು?

ನಾನು ಇಲ್ಲಿ ಆಡಿಯೊ ಮಿಕ್ಸರ್, ಅಂದರೆ ಮೈಕ್‌ಗಳ ಸದ್ದನ್ನೆಲ್ಲ ಹದವಾಗಿ ಬೆರೆಸುವವನು. ಕಾಲೇಜು ಪಂದ್ಯ, ಎರಡನೇ ದರ್ಜೆಯ ಲೀಗ್, ಅದೃಷ್ಟ ಇದ್ದರೆ ಅದಕ್ಕಿಂತ ಮೇಲಿನದು. ಇಲ್ಲಿನ ಸಿಬ್ಬಂದಿ ಹೆಚ್ಚಿನವರು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೈ ಪಳಗಿದವರು. ಅದು ಮೂರು ಗಂಟೆಯ ಆಟ, ಚೆಂಡು ನಿಜವಾಗಿ ಓಡಾಡುವುದು ಹತ್ತು-ಹನ್ನೊಂದು ನಿಮಿಷ. ದೂರದ ಸದ್ದು ಹಿಡಿಯುವ ಬಟ್ಟಲಿನಂಥ ಡಿಶ್ ಮೈಕ್ ಹಿಡಿದವರು ಗೆರೆಯಾಚೆ ಓಡುತ್ತಾರೆ, ಒಂದು ಡಿಕ್ಕಿ, ಒಂದು ಶಿಳ್ಳೆ, ಜಾಹೀರಾತು, ನಮಗೆ ಕಾಫಿ. ಸಾಕರ್‌ನಲ್ಲಿ, ಅಂದರೆ ನಮ್ಮೂರಿನ ಫುಟ್‌ಬಾಲ್‌ನಲ್ಲಿ, 45 ನಿಮಿಷ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ.

ಈ ಬಿಡುವಿಲ್ಲದ ಆಟವನ್ನು ಏನು ಮಾಡೋದು ಅಂತ ಇಲ್ಲಿನ ಚಾನೆಲ್‌ಗಳಿಗೆ ಮೊದಲಿಂದಲೂ ತಲೆನೋವು. 1967ರಲ್ಲಿ ಸಿಬಿಎಸ್ ತೋರಿಸಿದ ಲೀಗ್‌ನಲ್ಲಿ, ಜಾಹೀರಾತಿಗೆ ಜಾಗ ಬೇಕು ಅಂತ ಸುಮ್ಸುಮ್ನೆ ಫೌಲ್ ಊದಿದ್ದಾಗಿ ರೆಫರಿಯೇ ಒಪ್ಪಿಕೊಂಡಿದ್ದ. 1994ರ ವಿಶ್ವಕಪ್ಪಿನಲ್ಲಿ ಎಬಿಸಿ, ಇಎಸ್‌ಪಿಎನ್ ಗಡಿಯಾರದ ಪಕ್ಕ ಪ್ರಾಯೋಜಕರ ಲೋಗೊ ಕೂರಿಸಿ ಆಟ ನಿಲ್ಲಿಸದೆ ತೋರಿಸಿದವು. 1996ರಲ್ಲಿ ಇಲ್ಲಿನ ದೊಡ್ಡ ಲೀಗ್ ಎಂಎಲ್‌ಎಸ್ ಶುರುವಾದಾಗ ಗಡಿಯಾರ ಸೊನ್ನೆಯಿಂದ ಏರುವ ಬದಲು 45ರಿಂದ ಕೆಳಗಿಳಿಯುತ್ತಿತ್ತು! ಪರದೆಯ ಮೇಲೆ ಇಷ್ಟೆಲ್ಲ ಪ್ರಯೋಗ ನಡೆದರೂ, ನಾನು ಕೂರುತ್ತಿದ್ದ ಸಣ್ಣ ಟ್ರಕ್‌ಗಳಲ್ಲಿ ಸದ್ದು ಮಾತ್ರ ಹಳೇ ದಾರಿಯಲ್ಲೇ ಇತ್ತು. ಗ್ಯಾಲರಿಯ ಕಡೆ ಎರಡು ಮೈಕ್, ಅಂಚಿನಲ್ಲಿ ನಾಲ್ಕು, ಎಲ್ಲವೂ ಅರ್ಧ ತೆರೆದು ಬಿಡೋದು. ಕೇಳಿಸೋದು ಜಲಪಾತದ ಹಾಗೆ ಒಂದೇ ಭೋರ್ಗರೆತ.

ಯುರೋಪಿನವರಿಗೆ ಚೆಂಡಿನ ಹಿಂದೆ ಫೇಡರ್ ಓಡಿಸುವುದು, ಅಂದರೆ ಚೆಂಡು ಹೋದ ಕಡೆಯ ಮೈಕ್‌ನ ಗುಂಡಿ ಏರಿಸಿ ಉಳಿದದ್ದು ಇಳಿಸುವುದು, ಹೊಸದೇನಲ್ಲ. 2013ರಿಂದ ಎನ್‌ಬಿಸಿಯಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಬರತೊಡಗಿತು. ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ನಾನು ಚಿತ್ರ ಬಿಟ್ಟು ಬರೀ ಕಿವಿ ಕೊಟ್ಟು ಕೂರುತ್ತಿದ್ದೆ. ಒದ್ದದ್ದು ಒದ್ದ ಹಾಗೆ ಕೇಳಿಸುತ್ತಿತ್ತು. ನಮ್ಮದರಲ್ಲಿ ಯಾಕಿಲ್ಲ?

ಊರಲ್ಲಿ ನಾನು ಕಂಪನಿ ನಾಟಕಕ್ಕೆ ಮೈಕ್ ಕಟ್ಟಿದವನು. ಮೇಲಿಂದ ಇಳಿಬಿಟ್ಟ ಮೂರು ಮೈಕ್. ಪಾತ್ರಧಾರಿ ಎತ್ತ ನಡೆದನೋ ಅತ್ತಲ ಗುಂಡಿ ಏರಿಸು, ಉಳಿದದ್ದು ಇಳಿಸು. ಇಲ್ಲಿ ಪಾತ್ರಧಾರಿ ಚೆಂಡು, ಅಷ್ಟೇ ವ್ಯತ್ಯಾಸ. ಇದನ್ನು ಹೇಳಿದಾಗ ಇಲ್ಲಿನ ಒಬ್ಬ ಹಿರಿಯ ಮಿಕ್ಸರ್, "ಅದು ನಾಟಕ ಕಣಯ್ಯಾ, ಇದು ನೂರು ಮೀಟರ್ ಮೈದಾನ" ಅನ್ನೋ ಅರ್ಥದಲ್ಲಿ ಕೈ ಒದರಿದ.

ಟ್ರಕ್‌ನ ಪೆಟ್ಟಿಗೆಯಲ್ಲಿ ಶಾಟ್‌ಗನ್ ಮೈಕ್, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದ ಕೊಳವೆಯ ಮೈಕ್, ಇದ್ದದ್ದು ಆರು. ಹನ್ನೆರಡಾದರೂ ಬೇಕು. ಕೇಳಿದರೆ ಬಜೆಟ್ ಇಲ್ಲ. ಅದೇ ಜಾತಿಯ ಸೆನ್‌ಹೈಸರ್ 416 ಮೈಕ್ ಸೆಕೆಂಡ್ ಹ್ಯಾಂಡ್ ನಾಲ್ಕು ಕೊಂಡೆ, ಒಂದಕ್ಕೆ ಐನೂರೈವತ್ತು ಡಾಲರ್ ಹತ್ತಿರ. ಗಾಳಿಗೆ ಹೊದಿಸುವ ತುಪ್ಪಳದ ಚೀಲ, ಸ್ಟ್ಯಾಂಡ್, ಕೇಬಲ್ ಸೇರಿ ಮೂರು ಸಾವಿರ ದಾಟಿತು. ಆಗ ನನ್ನ ದಿನದ ರೇಟ್ ಐನೂರು ಚಿಲ್ಲರೆ. "ಒದೆಯೋ ಸದ್ದಿಗೆ ಮೂರು ಸಾವಿರಾನಾ?" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಮೊದಲ ಪಂದ್ಯ ಹಾಳಾಗಿ ಹೋಯಿತು. ಹತ್ತನ್ನೂ ಒಟ್ಟಿಗೆ ತೆರೆದಿದ್ದೆ. ಒಂದೇ ಒದೆತ ಎರಡು ಮೂರು ಮೈಕ್‌ಗೆ ಬೇರೆ ಬೇರೆ ಹೊತ್ತಿಗೆ ಬಿದ್ದು, ತಗಡಿನ ಡಬ್ಬಿಯೊಳಗೆ ಮಾತಾಡಿದ ಹಾಗಾಯಿತು. ಎರಡನೆಯದರಲ್ಲಿ ಬೆಂಚಿನ ಹತ್ತಿರದ ಮೈಕ್ ಏರಿಸಿದ ಕ್ಷಣಕ್ಕೇ ಕೋಚ್ ತಮ್ಮ ಆಟಗಾರನೊಬ್ಬನ ತಾಯಿಯನ್ನು ಹಿಡಿದು ಬೈದರು. ಭಾನುವಾರ ಮಧ್ಯಾಹ್ನ, ಆಂಟೆನಾಕ್ಕೆ ಬರೋ ಚಾನೆಲ್. ಅಂಥ ಮಾತು ಹಗಲಲ್ಲಿ ಹೋದರೆ, ಪ್ರಸಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ದಂಡದ ಭಯ. ಮುಂದಿನ ಎರಡು ತಿಂಗಳು ಆ ಕಡೆಯಿಂದ ನನಗೆ ಫೋನೇ ಬರಲಿಲ್ಲ. ಮೂರನೆಯದರಲ್ಲಿ ವಿರಾಮದ ಹೊತ್ತಿಗೆ ಹುಲ್ಲಿಗೆ ನೀರು ಬಿಟ್ಟರು. ಸ್ಪ್ರಿಂಕ್ಲರ್ ಎಲ್ಲಿಂದ ಏಳುತ್ತೆ ಅಂತ ಬೆಳಿಗ್ಗೆಯೇ ಕೇಳಬೇಕಿತ್ತು, ಕೇಳಿರಲಿಲ್ಲ. ಎರಡು ಮೈಕ್ ಸೀದಾ ರಿಪೇರಿಗೆ. ಈಗ ಮೈದಾನಕ್ಕೆ ಹೋದರೆ ಮೊದಲು ಮಾತಾಡಿಸೋದು ಹುಲ್ಲು ನೋಡಿಕೊಳ್ಳುವವರನ್ನು.

ನನಗೆ ಪಾಠ ಆದದ್ದು ಕೋವಿಡ್ ಕಾಲದಲ್ಲಿ. 2020ರ ಮೇ 16ಕ್ಕೆ ಜರ್ಮನಿಯ ಲೀಗ್ ಬುಂಡೆಸ್‌ಲಿಗಾ ಖಾಲಿ ಮೈದಾನದಲ್ಲಿ ಮತ್ತೆ ಶುರುವಾಯಿತು. ಫಾಕ್ಸ್‌ನಲ್ಲಿ ಬರುತ್ತಿತ್ತು. ಕೆಲಸ ಇಲ್ಲದೆ ಮನೆಯಲ್ಲಿದ್ದೆ, ಡಾರ್ಟ್‌ಮಂಡ್–ಶಾಲ್ಕೆ ಪಂದ್ಯ ರೆಕಾರ್ಡ್ ಮಾಡಿ ಎಂಟು ಹತ್ತು ಸಲ ಕೇಳಿದೆ. ಜನ ಇಲ್ಲ, ಡ್ರಮ್ ಇಲ್ಲ. ಪಾದದ ಒಳಬದಿಯಿಂದ ತಳ್ಳಿದ ಪಾಸಿಗೆ ಒಂದು ಸದ್ದು, ಗೋಲ್‌ಕೀಪರ್ ಎತ್ತಿ ಒದ್ದರೆ ಇನ್ನೊಂದು, ತಲೆಗೆ ತಾಗಿದರೆ ಮರದ ಹಲಗೆ ತಟ್ಟಿದ ಹಾಗೆ. ಅದೇ ಬೇಸಿಗೆ ಇಲ್ಲಿ ಎಷ್ಟೋ ಪ್ರಸಾರಗಳಿಗೆ ವಿಡಿಯೊ ಗೇಮಿನಿಂದ ತಂದ ಜನರ ಸದ್ದು ಬೆರೆಸಿದರು. ನನಗೆ ಬೇಜಾರಾಯಿತು. ಚಿನ್ನದಂಥ ಸದ್ದಿನ ಮೇಲೆ ಬಣ್ಣ ಬಳಿದ ಹಾಗೆ.

ಆಮೇಲೆ ಬದಲಾಯಿಸಿದ್ದು ಮೂರು ವಿಷಯ. ಒಂದು, ಒಂದು ಸಲಕ್ಕೆ ಎರಡು ಮೈಕ್‌ಗಿಂತ ಜಾಸ್ತಿ ತೆರೆಯೋದಿಲ್ಲ, ಉಳಿದವು ತೀರಾ ಕೆಳಗೆ. ಇನ್ನೊಂದು, ಪ್ರಸಾರಕ್ಕೆ ಹೋಗುವ ಚಿತ್ರ ತೋರಿಸುವ ಪ್ರೋಗ್ರಾಂ ಮಾನಿಟರನ್ನು ನಾನು ನೋಡೋದೇ ಇಲ್ಲ. ಡೈರೆಕ್ಟರ್ ರಿಪ್ಲೇಗೆ ಹೋದರೆ ನನ್ನ ಚೆಂಡು ಮಾಯ! ಮೇಲಿನ ಅಗಲ ಶಾಟ್ ಕೊಡುವ ಒಂದನೇ ಕ್ಯಾಮೆರಾವನ್ನೇ ಎದುರಿಗೆ ಹಾಕಿಸಿಕೊಳ್ಳುತ್ತೇನೆ. ಮೂರನೆಯದು ವಿಳಂಬ. ಮೈದಾನದ ನಡುವಿನ ಒದೆತ ಅಂಚಿನ ಮೈಕ್‌ಗೆ 35 ಮೀಟರ್ ನಡೆದು ಬರಬೇಕು, ಅಂದರೆ ಸುಮಾರು ಹತ್ತನೇ ಒಂದು ಸೆಕೆಂಡ್, ಸೆಕೆಂಡಿಗೆ ಅರವತ್ತು ಚಿತ್ರದ ಲೆಕ್ಕದಲ್ಲಿ ಆರು ಫ್ರೇಮ್. ಕಾಲು ತಾಗಿದ ಮೇಲೆ ಸದ್ದು ಬಂದರೆ ಸುಳ್ಳು ಅನ್ನಿಸುತ್ತೆ. ಅದನ್ನು ಹೇಗೆ ಸರಿ ಮಾಡಿಕೊಂಡೆ ಅಂತ ಇಲ್ಲಿ ಬರೆಯಲ್ಲ. ಗೋಲಿನ ಹಿಂದೆ ತೊಂಬತ್ತು ನಿಮಿಷ ಡ್ರಮ್ ಬಾರಿಸೋ ಅಭಿಮಾನಿಗಳಿಂದ ಮೈಕ್ ಯಾವ ಕೋನಕ್ಕೆ ತಿರುಗಿಸಿದೆ ಅನ್ನೋದನ್ನೂ ಬರೆಯಲ್ಲ. ಅದರಲ್ಲೇ ನನ್ನ ಅನ್ನ ಇದೆ.

ಒಂದು ಮಾತ್ರ ಬಿಟ್ಟಿ ಕೊಡುತ್ತೇನೆ. ಚೆಂಡನ್ನು ನೋಡಬೇಡಿ, ಅದನ್ನು ಕಾಯುತ್ತಿರುವ ಆಟಗಾರನನ್ನು ನೋಡಿ. ಬೆರಳು ಅವನಿಗಿಂತ ಮುಂಚೆ ಅಲ್ಲಿರಬೇಕು.

ನಡುವೆ ಹುಚ್ಚಾಟಗಳೂ ಆದವು. ಜಾಹೀರಾತು ಫಲಕದ ಬೆನ್ನಿಗೆ ಚಪ್ಪಟೆ ಮೈಕ್ ಅಂಟಿಸಿದೆ. ಚೆಂಡು ಬಡಿದಾಗ ಗುಂಡು ಹೊಡೆದ ಹಾಗಾಗಿ ಕಾಮೆಂಟೇಟರ್ ಹೆಡ್‌ಸೆಟ್ ಕಿತ್ತು ಎಸೆದ. ಗೋಲಿನ ಬಲೆಯ ಹಿಂದಿನ ಕಂಬಕ್ಕೆ ಕಡಲೆ ಗಾತ್ರದ ಕಾಲರ್ ಮೈಕ್ ಕಟ್ಟಿದೆ. ಆವತ್ತು ಗೋಲೇ ಆಗಲಿಲ್ಲ, 0–0. ಕೀಪರ್ ಮಾತ್ರ ಇಡೀ ಆಟ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದ. ಆ ರೆಕಾರ್ಡಿಂಗ್ ಇನ್ನೂ ಇಟ್ಟುಕೊಂಡಿದ್ದೇನೆ.

ನನ್ನನ್ನು ಮೊದಲು ನಂಬಿದ್ದು, ಇದೇ ಪಂದ್ಯವನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಸಾರ ಮಾಡುವ ಕಡೆಯವರು. ಕಾಮೆಂಟರಿ ಇಲ್ಲದ ನಮ್ಮ ಮೈದಾನದ ಸದ್ದನ್ನೇ ಅವರೂ ತಗೊಂಡು ಮೇಲೆ ತಮ್ಮ ಮಾತು ಹಾಕುತ್ತಾರೆ. ಗೋ...ಲ್ ಅಂತ ಉಸಿರು ಮುಗಿಯೋವರೆಗೂ ಎಳೆಯೋ ಜನ, ಅವರಿಗೆ ಅದರ ಮುಂಚಿನ ಒದೆತ ಬೇಕು. ಅಲ್ವಾ? 2022ರಲ್ಲಿ ಒಂದು ರಾತ್ರಿ ಪಂದ್ಯ ಮುಗಿದ ಮೇಲೆ ಅವರ ಮಿಕ್ಸರ್ ಟ್ರಕ್ ಬಾಗಿಲಿಗೆ ಬಂದು, "ಇವತ್ತು ಇದನ್ನ ಮಾಡಿದ್ದು ಯಾರು?" ಅಂದ. ಪ್ರೊಡ್ಯೂಸರ್ ನನ್ನ ಕಡೆ ತಿರುಗಿದ. ಅದೇ ಹಳೇ ಪ್ರೊಡ್ಯೂಸರ್. ಇಂಗ್ಲಿಷ್ ಕಡೆ ಅವನು ನನ್ನ ಸದ್ದನ್ನು ಕಾಮೆಂಟರಿಯ ಕೆಳಗೆ ಹೂತಿಟ್ಟಿದ್ದ. ಅವತ್ತಿನ ರೆಕಾರ್ಡಿಂಗ್ ಮತ್ತೆ ಹಾಕಿಸಿ ಕೇಳಿದ, ಏನೂ ಅನ್ನಲಿಲ್ಲ. ಮುಂದಿನ ಪಂದ್ಯಕ್ಕೆ ಮೂರು ಡೆಸಿಬಲ್ ಏರಿಸು ಅಂದ.

ಹೋದ ತಿಂಗಳು ಅವನದೇ ಫೋನ್. ಹೊಸ ಸೀಸನ್, ಹದಿನಾಲ್ಕು ಪಂದ್ಯ. ದಿನಕ್ಕೆ ನೂರು ಡಾಲರ್ ಜಾಸ್ತಿ ಹೇಳಿದೆ, ಒಪ್ಪಿದ. ಮೈಕ್‌ಗಳ ಬಾಡಿಗೆ ಬೇರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅದಕ್ಕೂ ಹೂಂ ಅಂದ. ಹೆಂಡತಿಗೆ ಇನ್ನೂ ಬಾಡಿಗೆ ವಿಷಯ ಹೇಳಿಲ್ಲ. ಆ ದುಡ್ಡಲ್ಲಿ ಇನ್ನೆರಡು 416 ನೋಡಿಟ್ಟಿದ್ದೇನೆ.