ಮಂಗಳೂರಿನ ಮಳೆಗಾಲದಲ್ಲಿ ಫಾಯಿಲ್ ಕಾರ್ಡ್ ಬಾಗದಂತೆ ಇಟ್ಟುಕೊಂಡ ಬಗೆ

ಕರಾವಳಿಯಲ್ಲಿ ಪೋಕೆಮಾನ್‌ನಂಥ ಆಟದ ಕಾಗದದ ಕಾರ್ಡ್ ಉಳಿಯುವುದಿಲ್ಲ, ಸಂಗ್ರಹ ಮಾಡುವುದಾದರೆ ಆ್ಯಪ್‌ನಲ್ಲೇ ಮಾಡು ಅಂದವರು ಬಹಳ ಮಂದಿ. ಈಗ ಎರಡು ಮಳೆಗಾಲ ಕಳೆದಿವೆ. ಪೆಟ್ಟಿಗೆಗಳಲ್ಲಿ ಸುಮಾರು 1,100 ಕಾರ್ಡ್, ಅದರಲ್ಲಿ 260ರಷ್ಟು ಫಾಯಿಲ್, ಅಂದರೆ ಚಿತ್ರದ ಬದಿಯಲ್ಲಿ ಹೊಳೆಯುವ ತೆಳು ಪದರ ಇರುವಂಥವು. ಗಾಜಿನ ಮೇಲೆ ಇಟ್ಟಾಗ ಮೂಲೆ 1 ಮಿ.ಮೀ.ಗಿಂತ ಮೇಲೇಳುವಂಥವು ನಾಲ್ಕೋ ಐದೋ. ಈ ಊರಿನಲ್ಲಿ ಇಷ್ಟು ಚಪ್ಪಟೆ ಇರುವ ಇನ್ನೊಂದು ಸಂಗ್ರಹ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ್ಯಪ್ ಒಂದಕ್ಕೂ ಆರು ಸಾವಿರದ ಹತ್ತಿರ ಸುರಿದದ್ದಾಗಿದೆ. ಅದರಲ್ಲಿ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ, ಮಾರಲು ಕೈಯಲ್ಲಿ ಏನೂ ಇಲ್ಲ. ಪೋಕೆಮಾನ್‌ನ ಹಳೆಯ ಆ್ಯಪ್ ಟಿಸಿಜಿ (ಟ್ರೇಡಿಂಗ್ ಕಾರ್ಡ್ ಗೇಮ್) ಆನ್‌ಲೈನ್ 2023ರ ಜೂನ್‌ನಲ್ಲಿ ಮುಚ್ಚಿತು. ಅದರ ಜಾಗಕ್ಕೆ ಬಂದ ಟಿಸಿಜಿ ಲೈವ್‌ನಲ್ಲಿ ಆಟಗಾರರು ತಮ್ಮೊಳಗೆ ಕಾರ್ಡ್ ಅದಲುಬದಲು ಮಾಡುವ ವ್ಯವಸ್ಥೆ ಬರಲಿಲ್ಲ. ಕೈಯಲ್ಲಿರುವ ಕಾರ್ಡನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹೊಳಪು ಜಾರುವುದನ್ನು ನೋಡುವವರು, ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಮುದ್ರಣದ ಚುಕ್ಕಿ ಎಣಿಸುವವರು ಪರದೆಗೆ ಒಗ್ಗುವುದಿಲ್ಲ. ಆದರೆ ಬಾಗಿದ ಫಾಯಿಲ್‌ಗೆ ಕೊಳ್ಳುವವರು ಮೂರನೇ ಒಂದು ಭಾಗ ಕಡಿಮೆ ಕೇಳುತ್ತಾರೆ. ಆದ್ದರಿಂದ ಕಾಗದವೋ ಆ್ಯಪೋ ಎಂಬ ಈ ಜಗಳ ತೀರ್ಮಾನವಾಗುವುದು ತೇವಾಂಶದಲ್ಲಿ.

ಬಾಗುವ ಕಾರಣ ನಿಮಗೆ ಗೊತ್ತಿದೆ: ಕಾಗದ ನೀರು ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ, ಅಂಚುಗಳು ಚಿತ್ರದ ಕಡೆಗೆ ಏಳುತ್ತವೆ. ಜುಲೈಯಲ್ಲಿ ಮೂಲೆ 6 ಮಿ.ಮೀ. ಎದ್ದದ್ದೂ ಇದೆ. ಹತ್ತು ಕಾರ್ಡನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ, ಒಣಗಿಸಿ ಮತ್ತೆ ತೂಗಿದರೆ ಹೆಚ್ಚುಕಡಿಮೆ 1 ಗ್ರಾಂ ಇಳಿಯುತ್ತದೆ. ಅಷ್ಟೂ ನೀರೇ.

ಕೆಟ್ಟುಹೋದ ಉಪಾಯಗಳು ಸಾಕಷ್ಟಿವೆ. ಪುಸ್ತಕದ ರಾಶಿಯಡಿ ಇಟ್ಟ ಕಾರ್ಡ್ ತೆಗೆದ ಮರುದಿನ ಮೊದಲಿನಂತೆಯೇ ಬಾಗುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಫಾಯಿಲ್ ಮಂಜು ಕವಿದಂತೆ ಮಂಕಾಗುತ್ತದೆ. ಹಾಗೆ ಎರಡು ಒಳ್ಳೆಯ ಕಾರ್ಡ್ ಹೋದವು, ಸುಮಾರು ₹1,800. ಅಕ್ಕಿ ಇಟ್ಟರೆ ಹುಳ ಬರುತ್ತದೆ, ತೇವ ಹೋಗುವುದಿಲ್ಲ. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಹತ್ತಿರ ಸುಳಿಯಲೂ ಬಿಡಬೇಡಿ. ಸ್ಟೇಷನರಿ ಅಂಗಡಿಯ, ಕಾರ್ಡ್ ಇಡುವ ಪಿವಿಸಿ ಪ್ಲಾಸ್ಟಿಕ್ ಹಾಳೆಗಳು ವರ್ಷದೊಳಗೆ ಅಂಟಂಟಾದವು, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಅಲ್ಲದ ಯಾವ ಕವಚವೂ ಈಗ ಮನೆಯೊಳಗಿಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ತೇವ ಹೀರುವ ಸಿಲಿಕಾ ಜೆಲ್. 5 ಲೀಟರ್ ಡಬ್ಬಿಗೆ ಅರ್ಧ ಕೆ.ಜಿ. ಹಾಕಿದರೆ ಮೂರು ದಿನದಲ್ಲಿ ಗಾಳಿಯ ತೇವಾಂಶ ಶೇಕಡಾ 25ರ ಕೆಳಗೆ ಬೀಳುತ್ತದೆ. ಕಾಗದ ಒಣಗಿ ಕುಗ್ಗುತ್ತದೆ, ಕಾರ್ಡ್ ಹಿಂದಕ್ಕೆ ಬಾಗಿ ಹಂಚು ಕವುಚಿಟ್ಟ ಹಾಗಾಗುತ್ತದೆ. ಒಣಗಿಸುವುದು ನಮ್ಮ ಕೆಲಸವಲ್ಲ, 45ರ ಆಸುಪಾಸಿನಲ್ಲಿ ನಿಲ್ಲಿಸುವುದು ನಮ್ಮ ಕೆಲಸ.

ಅಲ್ಲಿ ನಿಲ್ಲಿಸಿದ್ದು ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಉಪ್ಪಿನ ಪುಡಿ. ಅದರ ಕೆಸರು ಮುಚ್ಚಿದ ಡಬ್ಬಿಯ ಗಾಳಿಯನ್ನು 25 ಡಿಗ್ರಿಯಲ್ಲಿ ಸುಮಾರು 43 ಶೇಕಡಾದಲ್ಲಿ ಹಿಡಿದಿಡುತ್ತದೆ. ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. 200 ಗ್ರಾಂ ಪುಡಿಗೆ 60 ಮಿ.ಲೀ. ನೀರನ್ನು ಚಮಚ ಚಮಚವಾಗಿ ಹಾಕಿ ಒದ್ದೆ ಮರಳಿನ ಹದಕ್ಕೆ ತರಬೇಕು. ಕಲೆಸುವಾಗ ಬಿಸಿಯಾಗುತ್ತದೆ, ಪೂರ್ತಿ ಆರಿದ ಮೇಲೇ ಒಳಗಿಡಿ. ಕ್ಷಾರ ಅದು, ಕೈಗವಸು ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ, ಕಾರ್ಡಿಗೆ ಒಂದು ಹನಿಯೂ ತಾಗಬಾರದು. ಕೆಸರು ಹಾಕಿಡುವ ಕುಪ್ಪಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಉಪ್ಪು ಗೋಡೆ ಹತ್ತಿ ಹೊರಗೆ ಬರುತ್ತದೆ. ಕುಪ್ಪಿಯ ಬಾಯಿಗೆ ಆವಿ ಬಿಟ್ಟು ನೀರು ಬಿಡದ ಬಟ್ಟೆ ಕಟ್ಟಬೇಕು. ಆ ಬಟ್ಟೆ ಯಾವುದು, ಎಲ್ಲಿ ಸಿಗುತ್ತದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಗ್ಗದ ತೇವಮಾಪಕವನ್ನು ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ನಾಲ್ಕು ಹನಿ ನೀರು, ಜಿಪ್ ಚೀಲದೊಳಗೆ ಮಾಪಕದ ಜೊತೆ 12 ಗಂಟೆ ಇಟ್ಟರೆ 75 ತೋರಿಸಬೇಕು. ಇಲ್ಲಿರುವ ಎರಡರಲ್ಲಿ ಒಂದು 68, ಇನ್ನೊಂದು 81 ತೋರಿಸಿತು. ವ್ಯತ್ಯಾಸವನ್ನು ಹಿಂದೆ ಬರೆದು ಅಂಟಿಸಿದರೆ ಸಾಕು.

ಬಾಗಿದ ಕಾರ್ಡನ್ನು ಸ್ಲೀವ್ (ತೆಳು ಪ್ಲಾಸ್ಟಿಕ್ ಕವಚ) ತೆಗೆದೇ ಡಬ್ಬಿಯಲ್ಲಿ ಜಾಲರಿಯ ಮೇಲೆ ನಾಲ್ಕು ದಿನ ನಿಲ್ಲಿಸಬೇಕು. ಆಮೇಲೆ ಎರಡು ಗಾಜಿನ ನಡುವೆ, ಒಂದೂವರೆ ಕೆ.ಜಿ. ಭಾರ, ಎರಡು ದಿನ, ಅದೇ ಡಬ್ಬಿಯೊಳಗೆ. ಈ ಕ್ರಮ ತಿರುಗಿಸಿದರೆ ಕಾರ್ಡ್ ನೆಟ್ಟಗಾಗುವುದಿಲ್ಲ. ಸ್ಲೀವ್ ಹಾಕುವುದು ಎಸಿ ಕೋಣೆಯಲ್ಲಿ, ತೇವಾಂಶ 50ಕ್ಕೆ ಇಳಿದ ಮೇಲೆ. ಹೊರಗಿನ ಮಳೆಗಾಳಿಯಲ್ಲಿ ಹಾಕಿದ ಸ್ಲೀವ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಬಹಳ ಜನ ಸೋಲುವುದು ಇಲ್ಲೇ.

ಇದರ ನಡುವೆ ಮೈಸೂರಿನ ಗಂಜೀಫಾ ಎಂಬ, ಕೈಯಲ್ಲಿ ಬಣ್ಣ ಬರೆದ ಹಳೆಯ ಬಗೆಯ ಆಟದ ಎಲೆ ಒಂದನ್ನೂ ಎಂಟು ದಿನ ಮಳೆಗಾಳಿಗೆ ಇಟ್ಟು ನೋಡಿದ್ದಾಯಿತು. ಎರಡೂ ಬದಿಗೆ ಬಣ್ಣ, ಮೆರುಗು ಬಳಿದದ್ದು. ಕೂದಲೆಳೆಯಷ್ಟೂ ಬಾಗಲಿಲ್ಲ. ಎರಡು ಮೈಯೂ ಸಮ ಎಳೆದರೆ ಎಲೆ ನೆಟ್ಟಗಿರುತ್ತದೆ ಎಂಬುದನ್ನು ಆ ಕುಶಲಕರ್ಮಿಗಳ ಕೈ ಬಲ್ಲದು, ನನಗೆ ಅದು ಬಹಳ ಹಿಡಿಸಿತು.

ಖರ್ಚು: ರಬ್ಬರ್ ಅಂಚಿನ ಡಬ್ಬಿ ಮೂರಕ್ಕೆ ₹1,400, ಪುಡಿ ಒಂದು ಕೆ.ಜಿ. ₹600ರ ಸುಮಾರು, ಮಾಪಕ ಎರಡು ₹500, ಸ್ಲೀವ್ ಮತ್ತು ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವಚ) ₹2,000 ಚಿಲ್ಲರೆ. ಕ್ಯಾಮೆರಾದವರ ಒಣಪೆಟ್ಟಿಗೆಗೆ ಇದರ ಎರಡರಷ್ಟು ಕೇಳುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕುಪ್ಪಿಯನ್ನು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಹರಳು ಕಾಣದೆ ಬರೀ ನೀರಾಗಿದ್ದರೆ ಮೂರು ಚಮಚ ಪುಡಿ ಸೇರಿಸಿ. ಮಾರ್ಚ್‌ನಲ್ಲಿ ಕಲ್ಲಾಗಿದ್ದರೆ ಒಂದು ಚಮಚ ನೀರು.