‘ಡಿಶೆವೆಲ್ಡ್’ ಪದವನ್ನು ಬಳಸುವ ಬಗೆ

ಕೆದರಿದ ಕೂದಲು, ಮುದುಡಿದ ಉಡುಪು, ಒಟ್ಟಾರೆ ಅಸ್ತವ್ಯಸ್ತವಾದ ಹೊರನೋಟವನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ‘ಡಿಶೆವೆಲ್ಡ್’ (dishevelled) ಎಂಬ ಗುಣವಾಚಕವಿದೆ. ಕೂದಲು ಎಂಬ ಅರ್ಥದ ಹಳೆಯ ಫ್ರೆಂಚ್ ಪದ ಇದರ ಮೂಲದಲ್ಲಿರುವುದರಿಂದಲೋ ಏನೋ, ಮನುಷ್ಯರ ತಲೆಗೂದಲಿಗೆ, ಬಟ್ಟೆಬರೆಗೆ ಒಪ್ಪುವಷ್ಟು ಸಹಜವಾಗಿ ಇದು ಕೋಣೆಗೋ ಮೇಜಿಗೋ ಒಪ್ಪುವುದಿಲ್ಲ. ಅಲ್ಲಿ ‘ಮೆಸ್ಸಿ’ ಅಥವಾ ‘ಅನ್‌ಟೈಡಿ’ ಎನ್ನುವುದೇ ಲೇಸು. ‘ಡಿಶೆವೆಲ್ಡ್’ಗೆ ಹತ್ತಿರದ ‘ಅನ್‌ಕೆಂಪ್ಟ್’ ಪದವು ಸಾಮಾನ್ಯವಾಗಿ ಅಲಕ್ಷ್ಯವನ್ನು ಸೂಚಿಸುತ್ತದೆ. ಆದ್ದರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣಿಸಿ ಬೆಳಗ್ಗೆ ಇಳಿದವರನ್ನು ‘ಡಿಶೆವೆಲ್ಡ್’ ಎನ್ನಬಹುದೇ ಹೊರತು, ಅಷ್ಟಕ್ಕೇ ‘ಅನ್‌ಕೆಂಪ್ಟ್’ ಎಂದು ಜರೆಯುವುದು ಅನ್ಯಾಯ. ಉಚ್ಚರಿಸುವಾಗ ‘ಡಿಸ್’ ಎಂದು ಒಡೆಯದೆ, ‘ಶೆ’ ಅಕ್ಷರಕ್ಕೆ ಒತ್ತು ಕೊಡಬೇಕು. ಕಾಗುಣಿತದಲ್ಲಿ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕನ್ನರು ಒಂದನ್ನೇ ಬರೆಯುತ್ತಾರೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು.